ಚಂದ್ರನ ಕಡೆಯ ಗುರುಶಾಂತಮ್ಮ

ಗುರುಶಾಂತಮ್ಮ ಸೋಮಾರಿ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ. ಎದುರಿಗೇ ಹೇಳಿದ್ದೇನೆ, ಆಕೆ ಒಪ್ಪಿಕೊಂಡಿದ್ದಾಳೆ. ಗಾವಡಗೆರೆಯಲ್ಲಿ ಬೇರೆ ಸೋಮಾರಿಗಳಿಲ್ಲವೆಂದಲ್ಲ. ಆದರೆ ಉಳಿದವರು ಅದಕ್ಕೊಂದು ಹೊದಿಕೆ ಹೊದಿಸುತ್ತಾರೆ. ಸೊಂಟನೋವು ಎನ್ನುತ್ತಾರೆ, ಬಿಸಿಲು ಎನ್ನುತ್ತಾರೆ, ಮನೆದೇವರ ವಾರ ಎನ್ನುತ್ತಾರೆ. ಗುರುಶಾಂತಮ್ಮ ಮಾತ್ರ ತನ್ನ ಸೋಮಾರಿತನವನ್ನು ಊರಿನ ಹೆಂಗಸರಿಗೆಲ್ಲ ಕಲಿಸಿ, ಅವರಿಂದ ಗುರುಗಳೆನಿಸಿಕೊಂಡಳು. ಅಂಥ ಸಾಮರ್ಥ್ಯ ನನಗೆ ತಿಳಿದ ಮಟ್ಟಿಗೆ ಇನ್ನಾರಿಗೂ ಇಲ್ಲ.

ಬಸ್ ನಿಲ್ದಾಣದ ಎದುರಿಗೆ ಆಕೆಯ ಗಂಡ ಪ್ರಭುಸ್ವಾಮಿಯವರ ದಿನಸಿ ಅಂಗಡಿಯಿದೆ. ಮಧ್ಯಾಹ್ನದ ಊಟವಾದ ಮೇಲೆ ಅವರು ಮಲಗುತ್ತಾರೆ, ಈಕೆ ಅಂಗಡಿಯಲ್ಲಿ ಕೂರುತ್ತಾಳೆ. ಕೂರುವುದೆಂದರೆ ಕೂರುವುದೇ. ಮೇಲೆ ನೇತುಹಾಕಿದ ಶಾಂಪೂ ಪೊಟ್ಟಣಗಳ ಸರವನ್ನು ಎಳೆಯಲು ಕೈಗೊಂದು ಕೊಕ್ಕೆಕೋಲು ಇಟ್ಟುಕೊಂಡಿದ್ದಾಳೆ. ಕೋಲಿಗೆ ಎಟುಕದ್ದನ್ನು ಗಿರಾಕಿಯೇ ಒಳಗೆ ಬಂದು ತೆಗೆದುಕೊಳ್ಳಬೇಕು. “ಬೆಲ್ಲ ನೀನೇ ಮುರ್ಕೊ ಕಣವ್ವ, ತಕ್ಕಡೀನೂ ನೀನೇ ನೋಡ್ಕೊ. ಮೇಲೆ ದೇವ್ರು ನೋಡ್ಕತಾನೆ” ಎಂದು ಕುರ್ಚಿಯಿಂದಲೇ ಹೇಳುತ್ತಾಳೆ. ಆ ಅಂಗಡಿಯಲ್ಲಿ ಇದುವರೆಗೆ ಯಾರೂ ತೂಕದಲ್ಲಿ ಮೋಸ ಮಾಡಿಲ್ಲವಂತೆ. ಮೋಸ ಹಿಡಿಯಬೇಕಾದರೆ ಎದ್ದು ಬರಬೇಕಲ್ಲ, ಅದಕ್ಕೇ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಯೋಗ ಆಕೆಗೆ ಗಂಟುಬಿದ್ದದ್ದು ಗಂಡನ ಸಕ್ಕರೆ ಕಾಯಿಲೆಯಿಂದ. ವೈದ್ಯರು ಹೇಳಿದರೆಂದು ದಂಪತಿಗಳು ಮೈಸೂರಿನಲ್ಲೊಂದು ಶಿಬಿರಕ್ಕೆ ಹೋದರು. ಬೆಳಗಿನ ಜಾವ ಸೂರ್ಯ ನಮಸ್ಕಾರ. ಪ್ರಭುಸ್ವಾಮಿಯವರು ಎರಡು ದಿನ ಮಾಡಿ, ಮೂರನೆಯ ದಿನ ಕಾಲು ಉಳುಕಿಸಿಕೊಂಡು ಕುಳಿತರು. ಈಕೆ ಒಂದು ದಿನವೂ ಏಳಲಿಲ್ಲ. ಆದರೆ ಸಂಜೆ ಅದೇ ಅಂಗಳದಲ್ಲಿ ಒಬ್ಬ ಹುಡುಗಿ ಬಸುರಿಯರಿಗೂ ವಯಸ್ಸಾದವರಿಗೂ ಚಂದ್ರ ನಮಸ್ಕಾರ ಹೇಳಿಕೊಡುತ್ತಿದ್ದಳು. ಮೆಲ್ಲಗೆ ಕೈ ಎತ್ತುವುದು, ಮೆಲ್ಲಗೆ ವಾಲುವುದು, ಮೆಲ್ಲಗೆ ಮಲಗುವುದು. ಗುರುಶಾಂತಮ್ಮನಿಗೆ ಜನ್ಮ ಸಾರ್ಥಕವಾಯಿತು.

“ಸೂರ್ಯಂಗೆ ನಮಸ್ಕಾರ ಮಾಡ್ಬೇಕಂದ್ರೆ ಅವ್ನಿಗಿಂತ ಮುಂಚೆ ನಾವು ಎದ್ದಿರ್ಬೇಕು ಮೇಡಂ” ಎಂದು ನನಗೆ ವಿವರಿಸಿದ್ದಳು. “ಚಂದ್ರ ಅಂಗಲ್ಲ. ಬಿಡುವು ಮಾಡ್ಕೊಂಡು ಸಂಜೆ ಬತ್ತಾನೆ. ಒಂದೊಂದು ದಿನ ಅರ್ಧಂಬರ್ಧ ಬತ್ತಾನೆ, ಒಂದು ದಿನ ಬರೋದೇ ಇಲ್ಲ. ಯಾಕೆ ಅಂತ ಯಾರೂ ಕೇಳಲ್ಲ. ನಾನು ಅವ್ನ ಕಡೆ ಕಣ್ರೀ.”

ಊರಿಗೆ ಬಂದು ಸಮುದಾಯ ಭವನದಲ್ಲಿ ಹೆಂಗಸರಿಗೆ ಸಂಜೆ ತರಗತಿ ಶುರುಮಾಡಿದಳು. ನನ್ನ ಮೊಣಕಾಲು ಮೈಸೂರಿನ ಕಾಲೇಜು ಮೆಟ್ಟಿಲುಗಳಲ್ಲಿ ಸವೆದದ್ದು. ನಿವೃತ್ತಿಯಾಗಿ ಹುಟ್ಟೂರಿಗೆ ಬಂದ ಮೇಲೆ ನಾನೂ ಹೋದೆ. ಭಂಗಿಗಳ ಸಂಸ್ಕೃತ ಹೆಸರುಗಳನ್ನು ಬಾಯಿಪಾಠ ಮಾಡಲು ಆಕೆಗೆ ಬೇಜಾರು. ಅದಕ್ಕಾಗಿ ಗೋಡೆಯ ಕ್ಯಾಲೆಂಡರು ನೋಡಿ ತಿಥಿಗಳ ಹೆಸರನ್ನೇ ಇಟ್ಟುಬಿಟ್ಟಿದ್ದಳು. ಕೈ ಜೋತುಬಿಟ್ಟು ನಿಂತರೆ ಪಾಡ್ಯ. ತುಸು ಎತ್ತಿದರೆ ಬಿದಿಗೆ. ಹೆಗಲ ಮಟ್ಟಕ್ಕೆ ಬಂದರೆ ಅಷ್ಟಮಿ. ಎರಡೂ ಕೈ ತಲೆಯ ಮೇಲೆ ಕೂಡಿದರೆ ಹುಣ್ಣಿಮೆ. ಬಂದ ದಾರಿಯಲ್ಲೇ ಇಳಿದು, ಕಡೆಗೆ ಚಾಪೆಯ ಮೇಲೆ ಅಂಗಾತ ಮಲಗಿದರೆ ಅಮಾವಾಸ್ಯೆ. ಹುಣ್ಣಿಮೆಯಲ್ಲಿ ಒಂದು ಉಸಿರಿನಷ್ಟು ನಿಲ್ಲಿಸುತ್ತಿದ್ದಳು, ಅಮಾವಾಸ್ಯೆಯಲ್ಲಿ ಕಾಲು ಗಂಟೆ. ಇಷ್ಟನ್ನೂ ಹೇಳುವುದು ಕುರ್ಚಿಯಲ್ಲಿ ಕುಳಿತು, ಕಣ್ಣು ಮುಚ್ಚಿಕೊಂಡು. “ನಿಧಾನ, ನಿಧಾನ. ಯಾರೂ ಹುಣಸೂರಿನ ಬಸ್ ಇಡೀಬೇಕಾಗಿಲ್ಲ.”

ಆಕೆಗೆ ಒಂದೇ ಒಂದು ನಿಯಮವಿತ್ತು. ಕೈ ಎಲ್ಲಿ ನಿಲ್ಲುತ್ತದೋ ಅದೇ ಅವರವರ ಅಂದಿನ ತಿಥಿ, ಅದನ್ನು ದಾಟಿಸಿ ಎಳೆಯಬಾರದು. ಕೆಲವೇ ದಿನಗಳಲ್ಲಿ ಈ ಲೆಕ್ಕ ಊರಿಗೆಲ್ಲ ಹಬ್ಬಿತು. ನಲ್ಲಿಯ ಹತ್ತಿರ ಹೆಂಗಸರು ಮಾತಾಡಿಕೊಳ್ಳುವುದು ಕೇಳುತ್ತಿತ್ತು.

“ಇವತ್ತು ಎಷ್ಟಾಯ್ತಕ್ಕ ನಿಂದು?”

“ಷಷ್ಠಿ ಕಣೆ. ನೆನ್ನೆ ರಾಗಿ ಮೂಟೆ ಎತ್ತಿದ್ನಲ್ಲ, ಅದ್ಕೇ ಇಳ್ದೋಯ್ತು.”

ಈ ತಿಥಿಗಳು ಉಳಿದವರಿಗೆಲ್ಲ ಆಟ. ಸುನಂದಮ್ಮನಿಗೆ ಮಾತ್ರ ಅಲ್ಲ.

ಸುನಂದಮ್ಮ ಹೊಗೆಸೊಪ್ಪು ಬೆಳೆಯುವ ಮನೆಯವಳು, ದೇವರಾಜುವಿನ ಹೆಂಡತಿ. ಸೊಪ್ಪನ್ನು ಕೋಲುಗಳಿಗೆ ಕಟ್ಟಿ ಬ್ಯಾರನ್ನಿನೊಳಗೆ, ಎಂದರೆ ಸೊಪ್ಪು ಬೇಯಿಸುವ ಎತ್ತರದ ಗೂಡಿನೊಳಗೆ, ತೂಗುಹಾಕುವಾಗ ಒಮ್ಮೆ ಜಾರಿ ಬಿದ್ದು ಬಲಗೈ ಹೆಗಲಿನಲ್ಲೇ ಹಿಡಿದುಕೊಂಡಿತ್ತು. ಆಸ್ಪತ್ರೆಯವರು ವ್ಯಾಯಾಮ ಮಾಡು ಎಂದರು. ಸೊಪ್ಪಿನ ಮನೆಯವಳಿಗೆ ವ್ಯಾಯಾಮ ಮಾಡು ಎನ್ನುವುದು ಮೀನಿಗೆ ಸ್ನಾನ ಮಾಡು ಎಂದಂತೆ. ಕೆಲಸವೆಲ್ಲ ಹೇಗೋ ಎಡಗೈಯಲ್ಲಿ ಸಾಗುತ್ತಿತ್ತು. ಸಾಗದೇ ಇದ್ದದ್ದು ಒಂದೇ: ತನ್ನ ತುರುಬನ್ನು ತಾನೇ ಕಟ್ಟಿಕೊಳ್ಳುವುದು. ಕೂದಲು ಮೊಣಕಾಲು ಮುಟ್ಟುವಷ್ಟು. ಸೊಸೆ ಸೌಂದರ್ಯ ದಿನವೂ ಬಾಚಿ ಕಟ್ಟಬೇಕು. ಸೊಸೆಯ ಮುಂದೆ ತಲೆ ಬಗ್ಗಿಸಿ ಕೂರುವ ಅತ್ತೆಯ ಸಂಕಟವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ತರಗತಿಗೆ ಬಂದಾಗ ಆಕೆಯ ಕೈ ಚೌತಿಗೆ ನಿಲ್ಲುತ್ತಿತ್ತು. ತುರುಬು ಕಟ್ಟಲು ದಶಮಿಯಾದರೂ ಬೇಕು. ಬ್ಯಾರನ್ನಿಗೆ ಬೆಂಕಿಯಿಲ್ಲದ ತಿಂಗಳೆಲ್ಲ ತಪ್ಪದೆ ಬಂದಳು. ಒಂದು ಸಂಜೆ ತಾನೇ ಕಟ್ಟಿಕೊಂಡ ತುರುಬಿಗೆ ಕನಕಾಂಬರ ಸಿಕ್ಕಿಸಿಕೊಂಡು ಬಂದು, ಯಾರಿಗೂ ಏನೂ ಹೇಳದೆ, ಎಲ್ಲರಿಗೂ ಬೆನ್ನು ಕಾಣುವ ಹಾಗೆ ಮುಂದಿನ ಸಾಲಿನಲ್ಲಿ ಕುಳಿತಳು. ಗುರುಶಾಂತಮ್ಮ ಒಂದು ಕಣ್ಣು ತೆರೆದು ನೋಡಿ, “ದಶಮಿ” ಎಂದು ಮತ್ತೆ ಮುಚ್ಚಿದಳು.

ಅದಾದ ತಿಂಗಳೊಪ್ಪತ್ತಿನಲ್ಲೇ ಕೊರೊನಾ ಬಂತು. ಭವನಕ್ಕೆ ಬೀಗ ಬಿತ್ತು.

ಅಂಗನವಾಡಿ ಕಾರ್ಯಕರ್ತೆ ಪುಷ್ಪಾ ಫೋನಿನಲ್ಲಿ ವಿಡಿಯೋ ತರಗತಿಯ ಏರ್ಪಾಡು ಮಾಡಿದಳು. ಚಂದ್ರನನ್ನು ಕಂಡುಹಿಡಿದಾಗಲೂ ಗುರುಶಾಂತಮ್ಮ ಅಷ್ಟು ಸಂತೋಷಪಟ್ಟಿರಲಿಲ್ಲ. ಇನ್ನು ಭವನದವರೆಗೂ ನಡೆಯುವಂತಿಲ್ಲ. ದಿವಾನದ ಮೇಲೆ ದಿಂಬಿಗೆ ಒರಗಿ, ಎದುರಿಗೆ ಸಾಂಬಾರ ಡಬ್ಬಿಗೆ ಫೋನನ್ನು ಆನಿಸಿ, “ಪಾಡ್ಯ” ಎಂದರಾಯಿತು. ನಮ್ಮ ಕಡೆಯಿಂದ ಆಕೆಗೆ ಕಾಣುತ್ತಿದ್ದುದು ಸೂರಿನ ಫ್ಯಾನುಗಳು, ಒಬ್ಬರ ಅರ್ಧ ಮೂಗು, ಇನ್ನೊಬ್ಬರ ಮನೆಯ ಎಮ್ಮೆ. ನಡುವೆ ಪ್ರಭುಸ್ವಾಮಿಯವರು ಟವೆಲ್ ಸುತ್ತಿಕೊಂಡು ಬಂದು, “ಕಾಫಿಪುಡಿ ಎಲ್ಲಿಟ್ಟಿದ್ದೀಯೆ?” ಎಂದು ಕೇಳಿ, ನಮ್ಮನ್ನೆಲ್ಲ ಕಂಡು ಹಾಗೇ ಹಿಂದಕ್ಕೆ ಸರಿದದ್ದೂ ಉಂಟು. ಒಂದು ಸಂಜೆ ಅಮಾವಾಸ್ಯೆ ಎಂದು ಹೇಳಿದವಳು ತಾನೇ ಅಮಾವಾಸ್ಯೆಗೆ ಜಾರಿ ಗೊರಕೆ ಹೊಡೆದಳು. ಇದು ಹೊಸ ಪ್ರಾಣಾಯಾಮವಿರಬಹುದೆಂದು ಪುಷ್ಪಾ ಬಹಳ ಹೊತ್ತು ಅದರಂತೆಯೇ ಉಸಿರಾಡಿದಳಂತೆ.

ಈ ಸುಖದಲ್ಲಿ ಸುನಂದಮ್ಮನಿಗೆ ಪಾಲಿರಲಿಲ್ಲ. ಮನೆಗೊಂದೇ ದೊಡ್ಡ ಫೋನು, ಅದು ಸಂಜೆ ಮೊಮ್ಮಗನ ಪಾಠಕ್ಕೆ. ಒಂದೆರಡು ದಿನ ಸಿಕ್ಕಿದಾಗ ಕೊಟ್ಟಿಗೆಯ ಕಂಬಕ್ಕೆ ಒರಗಿಸಿ ನೋಡಿದ್ದಳು. “ಆ ಡಬ್ಬಿ ಒಳಗೆ ಅಕ್ಕೋರೇ ಬೆರಳುದ್ದ ಕಾಣ್ತಾರೆ. ನನ್ನ ಕೈ ಎಲ್ಲಿ, ತಿಥಿ ಎಲ್ಲಿ ಅಂತ ಅವ್ರು ಎಂಗೆ ನೋಡಾರು?” ಎಂದಳು ನನಗೆ. ಕೈ ಇಳಿಯತೊಡಗಿತು. ದಶಮಿಯಿಂದ ಸಪ್ತಮಿ, ಸಪ್ತಮಿಯಿಂದ ಚೌತಿ, ಕಡೆಗೆ ತದಿಗೆ.

ಕಾಯಿಲೆ ತಗ್ಗಿ ಶಾಲೆ ತೆರೆಯಿತು, ಸಂತೆ ತೆರೆಯಿತು, ಮದುವೆಗಳಲ್ಲಿ ಮೊದಲಿನಂತೆ ಊಟಕ್ಕೆ ನೂಕಾಟ ಶುರುವಾಯಿತು. ನಮ್ಮ ತರಗತಿ ಮಾತ್ರ ಫೋನಿನಲ್ಲೇ ಉಳಿಯಿತು. ನಾನು ಅಂಗಡಿಗೆ ಹೋದಾಗಲೆಲ್ಲ ಕೇಳುತ್ತಿದ್ದೆ.

“ಭವನ ಯಾವಾಗ ಗುರುಶಾಂತ?”

“ಫೋನಲ್ಲೇ ಚೆನ್ನಾಗೈತಲ್ಲ ಮೇಡಂ. ಎಲ್ಲಾರೂ ಬತ್ತಾರೆ.”

“ಎಲ್ಲರ ಹೆಸರು ಬರುತ್ತದೆ. ಆಳುಗಳು ಒಲೆಯ ಮುಂದೆ ಇರುತ್ತಾರೆ.”

“ಅಂಗಾದ್ರೆ ಯೋಗಾನೂ ಆಯ್ತು, ಸಾರೂ ಆಯ್ತು. ಲಾಭ ಅಲ್ವ?”

“ನೀನು ಎದ್ದು ನಾಲ್ಕು ಹೆಜ್ಜೆ ನಡೆಯಲಾರೆ. ಅಷ್ಟೇ ಹೇಳು.”

“ನಡೆಯಲಾರೆ ಕಣ್ರೀ” ಎಂದು ಕಡಲೆಕಾಯಿ ಬಿಡಿಸಿದಳು. ವಾದ ಮಾಡುವುದಕ್ಕೂ ಸೋಮಾರಿ.

ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ಸುನಂದಮ್ಮ ಬಂದಳು. ಸೊಪ್ಪು ಕಟ್ಟುವ ಹುರಿ ಬೇಕಿತ್ತು. ತಲೆಯ ತುಂಬ ಸೆರಗು ಹೊದ್ದಿದ್ದಳು. ಒಳಗೆ ಹೋಗಿ ಹುರಿಯುಂಡೆ ತೆಗೆಯುವಾಗ ಸೆರಗು ಜಾರಿತು. ಅವಳ ಕೂದಲನ್ನು ಯಾರೋ ಅದೇ ಹುರಿಯಿಂದ, ಸೊಪ್ಪಿನ ಕಟ್ಟು ಕಟ್ಟುವ ಹಾಗೆಯೇ, ಬಿಗಿಯಾಗಿ ಬಿಗಿದಿದ್ದರು. ಹುಬ್ಬುಗಳು ಮೇಲಕ್ಕೆ ಎಳೆದುಕೊಂಡು ಆಕೆ ಯಾವುದನ್ನೋ ಕಂಡು ಆಶ್ಚರ್ಯಪಡುತ್ತಿರುವ ಹಾಗೆ ಕಾಣುತ್ತಿದ್ದಳು.

“ಇದ್ಯಾರವ್ವ ನಿನ್ನ ಬ್ಯಾರನ್ನಿಗೆ ಆಕಕ್ಕೆ ಕಟ್ಟಿರೋರು?” ಎಂದಳು ಗುರುಶಾಂತಮ್ಮ.

“ನಗಬ್ಯಾಡಿ ಅಕ್ಕ. ಸೌಂದರ್ಯಂಗೆ ಎಂಟು ತಿಂಗ್ಳು, ನೆನ್ನೆ ಎದ್ದು ನಿಲ್ಲಾಕೂ ಆಗ್ನಿಲ್ಲ. ನಮ್ಮೋರೇ ಕಟ್ಟುದ್ರು. ಊರಲ್ಲಿ ಅವರ ಕಟ್ಟು ಬಿಚ್ಚೋರಿಲ್ಲ ಅಂತಾರಲ್ಲ, ನಿಜ. ರಾತ್ರಿ ನಂಗೂ ಬಿಚ್ಚಾಕಾಗ್ನಿಲ್ಲ, ಇಂಗೇ ಮನಗಿದ್ದೆ.”

ನಾವು ಮೂವರೂ ನಕ್ಕೆವು. ಆಮೇಲೆ ಸುನಂದಮ್ಮ ಒಬ್ಬಳೇ ನಗುವುದನ್ನು ನಿಲ್ಲಿಸಿದಳು.

“ಗೌರಿ ಹಬ್ಬಕ್ಕೆ ಅವ್ಳನ್ನ ಭೇರ್ಯದಿಂದ ಅವರಪ್ಪ ಬಂದು ಕರ್ಕೊಂಡು ಓಗ್ತಾರೆ. ಬಾಣಂತನ ಮುಗ್ಸಿ ಬರೋದು ಇನ್ಯಾವ ಕಾಲಕ್ಕೋ. ಹಬ್ಬದ ದಿವ್ಸ ಬಾಗಿನ ಕೊಡಾಕೆ ಓದ್ರೆ ಈ ಹುರಿ ತಲೇಲಿ ಓಗ್ಲಾ? ಇಲ್ಲಾಂದ್ರೆ ನಂಜನಗೂಡಿಗೆ ಓಗಿ ಮುಡಿ ಕೊಟ್ಬುಡ್ತೀನಿ, ಪೀಡೆ ಕಳೀಲಿ. ಅಕ್ಕ, ಭವನದಲ್ಲಿ ಯಾವತ್ತು ಸುರು ಮಾಡ್ತೀರಿ?”

ಗುರುಶಾಂತಮ್ಮ ಕೊಕ್ಕೆಕೋಲಿನಿಂದ ಕ್ಯಾಲೆಂಡರಿನ ಹಾಳೆ ಸರಿಸಿ ನೋಡಿದಳು. ಗೌರಿ ಹಬ್ಬಕ್ಕೆ ಮೂರು ವಾರವೂ ಇರಲಿಲ್ಲ.

“ನೂಲು ಹುಣ್ಣಿಮೆ ದಿವ್ಸ ಸುರು ಮಾಡಾನ ಬುಡು” ಎಂದಳು.

ಆಗ ತಾನೇ ಎದ್ದು ಕಾಫಿ ಕುಡಿಯುತ್ತಿದ್ದ ಪ್ರಭುಸ್ವಾಮಿಯವರು ಲೋಟ ಕೆಳಗಿಟ್ಟರು. ಹೆಂಡತಿ ಇಷ್ಟು ಬೇಗ ಏನನ್ನಾದರೂ ನಿರ್ಧರಿಸಿದ್ದನ್ನು ಅವರು ಕಂಡಿರಲಿಲ್ಲ.

ಭವನದ ಬೀಗದಕೈ ನಂಜಣ್ಣನ ಹತ್ತಿರವಿತ್ತು. ಆತ ಭವನ ಸಮಿತಿಯ ಅಧ್ಯಕ್ಷ, ದೊಡ್ಡ ಸೊಪ್ಪಿನ ಬೆಳೆಗಾರ. ಕೇಳಲು ನಾನು ಹೋದೆ, ಏಕೆಂದರೆ ಗುರುಶಾಂತಮ್ಮನಿಗೆ ಅಷ್ಟು ದೂರ ನಡೆಯಬೇಕಲ್ಲ.

“ಮೇಡಮ್ಮೋರೆ, ಭವನ ನಿಮ್ದೇ. ಆದ್ರೆ ಒಳಗೆ ಒಂದಿಷ್ಟು ಸಾಮಾನೈತೆ” ಎಂದು ತಲೆ ಕೆರೆದುಕೊಂಡ.

“ಯಾರ ಸಾಮಾನು?”

“ಸಾರ್ವಜನಿಕರದ್ದು.”

ಬಾಗಿಲು ತೆಗೆಸಿದೆ. ಗೋಡೆಯಿಂದ ಗೋಡೆಗೆ ಬೇಯಿಸಿದ ಹೊಗೆಸೊಪ್ಪಿನ ಬೇಲುಗಳು, ಗೋಣಿಯಲ್ಲಿ ಬಿಗಿದ ದೊಡ್ಡ ದೊಡ್ಡ ಕಟ್ಟುಗಳು. ಸಾರ್ವಜನಿಕರೆಂದರೆ ನಂಜಣ್ಣ ಒಬ್ಬನೇ ಎಂಬುದು ಬೇಲುಗಳ ಮೇಲೆ ಬರೆದಿದ್ದ ಹೆಸರಿನಿಂದ ತಿಳಿಯಿತು. ಬೀಗ ಬಿದ್ದ ಮೊದಲ ವರ್ಷದಿಂದಲೂ ಅದು ಆತನ ಗೋದಾಮು. ಹುಣ್ಣಿಮೆಯ ಹಿಂದಿನ ದಿನ ಖಾಲಿ ಮಾಡಿಕೊಡದಿದ್ದರೆ ಹೆಂಗಸರೆಲ್ಲ ಬಂದು ಬೇಲುಗಳ ಮೇಲೆಯೇ ಮಲಗುತ್ತೇವೆಂದು ಹೇಳಿ ಬಂದೆ. ಖಾಲಿ ಮಾಡಿಕೊಟ್ಟ. ಕಿಟಕಿ ತೆಗೆಯಲಿಲ್ಲ, ನೆಲ ತೊಳೆಯಲಿಲ್ಲ.

ನೂಲು ಹುಣ್ಣಿಮೆಯ ಸಂಜೆ ಪುಷ್ಪಾ, ಮೇಷ್ಟರ ಮನೆಯವರು, ಬ್ಯಾಂಕಿನ ಕಡೆಯ ಕೆಲವರು, ಹೀಗೆ ಹೆಂಗಸರು ಚಾಪೆ ಸುತ್ತಿಕೊಂಡು ಬಂದರು. ಎಷ್ಟೋ ದಿನದ ಮೇಲೆ ಒಬ್ಬರನ್ನೊಬ್ಬರು ಪೂರ್ತಿಯಾಗಿ ಕಂಡಿದ್ದರಿಂದ, ಯಾರು ದಪ್ಪಗಾಗಿದ್ದಾರೆಂಬುದನ್ನು ತೀರ್ಮಾನಿಸಲು ಮೊದಲ ಅರ್ಧ ಗಂಟೆ ಹಿಡಿಯಿತು. ಮಳೆಯಿಂದಾಗಿ ಕಿಟಕಿ ಮುಚ್ಚಿತ್ತು. ಗುರುಶಾಂತಮ್ಮ ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿ, “ಉದ್ದವಾಗಿ ಉಸಿರು ತಕ್ಕಳಿ” ಎಂದಳು. ತೆಗೆದುಕೊಂಡೆವು. “ಇನ್ನೂ ಉದ್ದವಾಗಿ.” ತೆಗೆದುಕೊಂಡೆವು. ಸಪ್ತಮಿಯ ಹೊತ್ತಿಗೆ ನನ್ನ ಕಿವಿಯಲ್ಲಿ ಗುಂಯ್ ಎಂದಿತು.

“ಅಕ್ಕ” ಎಂದಳು ಪುಷ್ಪಾ, ಕಣ್ಣರಳಿಸಿಕೊಂಡು. “ತಲೆ ತೇಲ್ತಾ ಐತೆ. ಮೈಯೆಲ್ಲ ಹಗುರ. ಕುಂಡಲಿನಿ ಅಂತಾರಲ್ಲ, ಅದೇ ಇರ್ಬೇಕು!”

ಗುರುಶಾಂತಮ್ಮ ಒಂದು ಸಲ ಮೂಸಿದಳು. “ಕುಂಡಲಿನಿ ಅಲ್ಲ ಕಣೆ. ನಂಜಣ್ಣನ ಸೊಪ್ಪು. ಏಳಿ, ಏಳಿ, ಎಲ್ಲಾ ಆಚಿಗೆ ನಡೀರಿ.”

ಜಗುಲಿಯಲ್ಲಿ ಸಾಲಾಗಿ ಕುಳಿತು ಸೀನಿದೆವು. ಇಬ್ಬರು ವಾಂತಿ ಮಾಡಿಕೊಂಡರು. ಸೊಪ್ಪು ತುಂಬಿಟ್ಟಿದ್ದ ಮನೆಯಲ್ಲಿ ಪ್ರಾಣಾಯಾಮ ಮಾಡುವುದು ನಮ್ಮ ತಾಲ್ಲೂಕಿನವರಿಗಲ್ಲದೆ ಬೇರೆ ಯಾರಿಗೂ ಸಾಧ್ಯವಾಗುವ ಸಾಹಸವಲ್ಲ.

ಸೀನು ನಿಂತ ಮೇಲೆ ಗುರುಶಾಂತಮ್ಮ ಸುತ್ತ ನೋಡಿ ಕೇಳಿದಳು. “ಸುನಂದ ಎಲ್ಲಿ?”

“ಅವರು ಇವತ್ತು ಬ್ಯಾರನ್ ತುಂಬ್ತಾವ್ರೆ ಅಕ್ಕ” ಎಂದಳು ಪುಷ್ಪಾ. “ಬೆಳಿಗ್ಗೆ ಮುರಿದ ಸೊಪ್ಪನ್ನ ಕತ್ತಲಾಗೋದ್ರೊಳಗೆ ಕಟ್ಟಿ ಏರಿಸ್ಬೇಕಲ್ಲ. ಶ್ರಾವಣದಲ್ಲಿ ಸಂಜೆ ಒತ್ತು ಯಾವ ಸೊಪ್ಪಿನ ಮನೆ ಎಂಗಸು ಬಿಡುವಾಗಿರ್ತಾಳೆ?”

ಆಗ ನೋಡಿದರೆ ಜಗುಲಿಯ ಮೇಲೆ ಕುಳಿತವರಲ್ಲಿ ಸೊಪ್ಪು ಬೆಳೆಯುವ ಮನೆಯವರು ಒಬ್ಬರೂ ಇರಲಿಲ್ಲ. ನಾನು ಈ ಊರಿನಲ್ಲಿ ಹುಟ್ಟಿದವಳು, ಗುರುಶಾಂತಮ್ಮ ಸೊಪ್ಪಿನ ಹುರಿ ಮಾರುವವಳು. ಆದರೂ ಯಾರಿಗಾಗಿ ಭವನ ತೆಗೆಸಿದೆವೋ ಅವಳು ಬರಲಾಗದ ಹೊತ್ತನ್ನೇ ಆರಿಸಿಕೊಂಡಿದ್ದೆವು. ಕ್ಯಾಲೆಂಡರಿನಲ್ಲಿ ಚಂದ್ರ ಇರುತ್ತಾನೆ, ಬ್ಯಾರನ್ ಇರುವುದಿಲ್ಲ.

ಮರುದಿನ ಸುನಂದಮ್ಮ ಮತ್ತೆ ಹುರಿಗೆ ಬಂದಳು. ಕೈ ತುಂಬ ಸೊಪ್ಪಿನ ಅಂಟು. ಹುರಿ ತಲೆ ಹಾಗೆಯೇ ಇತ್ತು.

“ನಿಂಗೆ ಬಿಡುವು ಅಂತ ಆಗೋದು ಯಾವಾಗ್ಲೇ?” ಎಂದಳು ಗುರುಶಾಂತಮ್ಮ.

“ರಾತ್ರಿ ಬ್ಯಾರನ್ ಬೆಂಕಿ ಕಾಯೋದು ನಾನು. ಕೋಳಿ ಕೂಗೋ ಒತ್ಗೆ ನಮ್ಮೋರು ಎದ್ದು ಬತ್ತಾರೆ. ಆಗ ಅಂಗೇ ಒಂದು ಗಳಿಗೆ, ಸೊಪ್ಪು ಮುರಿಯಾಕೆ ಓಗೋಗಂಟ.” ಸುನಂದಮ್ಮ ನಕ್ಕಳು. “ಅದು ನಿಮ್ಗೆ ಆಗಾಕಿಲ್ಲ ಬುಡಿ ಅಕ್ಕ. ಗೊತ್ತು ನಂಗೆ. ನೀವು ಚಂದ್ರನ ಕಡೆಯೋರು.”

ಹುರಿ ತೆಗೆದುಕೊಂಡು ಹೋದಳು. ಗುರುಶಾಂತಮ್ಮ ಕಡಲೆಕಾಯಿ ಬಿಡಿಸುತ್ತ ಕುಳಿತಳು. ನಾನು ಭೌತಶಾಸ್ತ್ರ ಪಾಠ ಮಾಡಿದವಳು, ತಪ್ಪು ತಿಳಿವಳಿಕೆಯನ್ನು ಹಾಗೇ ಬಿಟ್ಟು ಅಭ್ಯಾಸವಿಲ್ಲ.

“ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನದಿನಕ್ಕೆ ತಡವಾಗಿ ಹುಟ್ಟುತ್ತಾನೆ. ಬೆಳಗಿನ ಜಾವಕ್ಕೆ ಇನ್ನೂ ಆಕಾಶದಲ್ಲೇ ಇರುತ್ತಾನೆ. ಸೂರ್ಯ ಹುಟ್ಟಿದ ಮೇಲೂ ಕಾಣುತ್ತಾನೆ” ಎಂದೆ.

“ಯಾರು ನೋಡಿರೋರು?”

“ಎದ್ದವರೆಲ್ಲ ನೋಡಿದ್ದಾರೆ.”

“ಅಂಗಾದ್ರೆ ನಂಗೆ ಗೊತ್ತಾಗೋ ಮಾತಲ್ಲ” ಎಂದು ಸಿಪ್ಪೆ ಊದಿದಳು. “ಮೇಡಂ, ಮದುವೆ ದಿನ ಮುಹೂರ್ತಕ್ಕೇ ನಾನು ಎದ್ದಿರ್ನಿಲ್ಲ. ಇವ್ರನ್ನ ಕೇಳಿ.”

ಒಳಗಿನಿಂದ ಪ್ರಭುಸ್ವಾಮಿಯವರು, “ನಿಜ, ನಿಜ. ತೂಕಡಿಸ್ತಾನೇ ಧಾರೆ ಆಯ್ತು” ಎಂದರು.

ಅಲ್ಲಿಗೆ ಮಾತು ಮುಗಿಯಿತೆಂದು ನಾನು ಮನೆಗೆ ಬಂದೆ. ಸುನಂದಮ್ಮನಿಗೆ ಮುಡಿಯೇ ಗತಿ ಎಂದುಕೊಂಡೆ.

ನಾಲ್ಕೈದು ದಿನ ಕಳೆದಿರಬೇಕು. ಬೆಳಿಗ್ಗೆ ಹಾಲಿನ ಡೇರಿಯ ಕಡೆ ಹೊರಟಿದ್ದೆ. ಮಳೆ ಬಿಟ್ಟು ಮೋಡ ಒಡೆದಿತ್ತು. ಭವನದ ತೆಂಗಿನ ಮರದ ಮೇಲೆ ಒಂದು ಪಕ್ಕ ಸವೆದ ಚಂದ್ರ ಬಿಳಿಚಿಕೊಂಡು ನಿಂತಿದ್ದ. ಜಗುಲಿಯ ಮೇಲೆ ಇಬ್ಬರು ಹೆಂಗಸರಿದ್ದರು. ಒಬ್ಬಳು ಸುನಂದಮ್ಮ. ಇನ್ನೊಬ್ಬಳ ಹೆಗಲ ಮೇಲೆ ಕಂಬಳಿ, ಮುಖದ ಮೇಲೆ ಈಗಷ್ಟೇ ಯಾರೋ ಬೈದಂಥ ಕಳೆ. ಅದು ಗುರುಶಾಂತಮ್ಮ. ಕುರ್ಚಿ ಇರಲಿಲ್ಲ. ನಿಂತಿದ್ದಳು. ಆಕೆ ಅಷ್ಟು ಉದ್ದವಿದ್ದಾಳೆಂದು ನನಗೆ ಆವತ್ತೇ ಗೊತ್ತಾದದ್ದು.

“ಪಂಚಮಿ” ಎಂದಳು ಆಕಳಿಸುತ್ತ.

“ಆಗ್ತಾ ಇಲ್ಲ ಅಕ್ಕ, ಚೌತಿಗೇ ಇಡ್ಕಂಡದೆ.”

“ಅಂಗಾದ್ರೆ ಚೌತೀಲೇ ನಿಂತ್ಕೊ. ನಂಗೇನು ಅರ್ಜೆಂಟಿಲ್ಲ.” ನನ್ನನ್ನು ಕಂಡು ಆಕಾಶದ ಕಡೆ ಗಲ್ಲ ಎತ್ತಿದಳು. “ನಿಜ ಕಣ್ರೀ ಮೇಡಂ. ಅಲ್ಲೇ ಅವ್ನೆ. ಅವ್ನಿಗೂ ನಿದ್ದೆ ಕೆಟ್ಟಂಗೈತೆ.”

ನಾನು ಹಾಲು ತರಲು ಹೋದೆ. ಒಂದು ಬೆಳಿಗ್ಗೆ ಎದ್ದ ಮಾತ್ರಕ್ಕೆ ಅರವತ್ತು ವರ್ಷದ ಅಭ್ಯಾಸದ ಬಗ್ಗೆ ಅಭಿಪ್ರಾಯ ಬದಲಿಸುವುದು ವಿವೇಕವಲ್ಲ. ಅದೂ ಅಲ್ಲದೆ ಆಕೆ ಆಮೇಲೆ ಅಂಗಡಿಯಲ್ಲಿ ಕುಳಿತು ಮಧ್ಯಾಹ್ನವೆಲ್ಲ ನಿದ್ದೆ ಮಾಡುತ್ತಿದ್ದಳು; ಕೊಕ್ಕೆಕೋಲನ್ನೂ ಗಿರಾಕಿಗಳೇ ಹಿಡಿಯುವಂತಾಗಿತ್ತು. ಮೋಡದ ದಿನಗಳಲ್ಲಿ ಚಂದ್ರ ಬರಲಿಲ್ಲ, ಈಕೆ ಬಂದಳು ಎಂದು ಡೇರಿಯವನು ಹೇಳಿದ. ಅಮಾವಾಸ್ಯೆ ಹತ್ತಿರವಾಗುತ್ತ ಆಕಾಶದಲ್ಲಿ ಆತ ತೆಳ್ಳಗಾಗುತ್ತಿದ್ದ. ಸುನಂದಮ್ಮನ ಕೈ ಪಂಚಮಿ, ಷಷ್ಠಿ ಎಂದು ಅವನಿಗೆ ಎದುರು ದಿಕ್ಕಿನಲ್ಲಿ ಹತ್ತುತ್ತಿತ್ತು. ಆದರೆ ದಶಮಿಗೆ ಇನ್ನೂ ದೂರವಿತ್ತು, ಹಬ್ಬಕ್ಕೆ ದೂರವಿರಲಿಲ್ಲ. ಸೌಂದರ್ಯಳನ್ನು ಅವಳ ಅಪ್ಪ ಬಂದು ಭೇರ್ಯಕ್ಕೆ ಕರೆದುಕೊಂಡು ಹೋದ.

ಗೌರಿ ಹಬ್ಬದ ಹಿಂದಿನ ಮಧ್ಯಾಹ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಗಿನಕ್ಕೆ ಬಳೆ, ಬಿಚ್ಚೋಲೆ, ಅರಿಸಿನ ಕುಂಕುಮದ ಪೊಟ್ಟಣ. ಊರಿನ ಅರ್ಧ ಹೆಂಗಸರು ಅಲ್ಲಿದ್ದರು, ಉಳಿದರ್ಧ ಬರುವವರಿದ್ದರು. ಗುರುಶಾಂತಮ್ಮ ಕುರ್ಚಿಯಲ್ಲೇ ಇದ್ದಳು.

ಆಗ ಸುನಂದಮ್ಮ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ, ಹುರಿಯೂ ಇರಲಿಲ್ಲ. ತುರುಬಿತ್ತು. ಆದರೆ ಎಂಥ ತುರುಬು! ಬಲಗೈ ಎಟುಕುವಷ್ಟು ಎತ್ತರದಲ್ಲಿ, ಎಂದರೆ ಕತ್ತಿನ ಬುಡದಲ್ಲಿ, ಎಡಕ್ಕೆ ವಾಲಿಕೊಂಡು ಈಗಲೋ ಆಗಲೋ ಬೆನ್ನ ಮೇಲೆ ಉರುಳುವಂತಿತ್ತು. ಅರ್ಧ ಕೂದಲು ಕಿವಿಯ ಮೇಲೆ ಇಳಿಬಿದ್ದಿತ್ತು. ಹಬ್ಬದ ಹೊತ್ತಿನಲ್ಲಿ ನಮ್ಮೂರಿನ ಹೆಂಗಸರು ಇಂಥದ್ದನ್ನು ಬಿಟ್ಟುಕೊಡುವವರಲ್ಲ. ಒಬ್ಬಿಬ್ಬರ ಬಾಯಿ ಆಗಲೇ ತೆರೆದಿತ್ತು. ಸುನಂದಮ್ಮನಿಗೂ ಅದು ಕಂಡಿತು. ಬಾಗಿಲಲ್ಲೇ ನಿಂತು ಸೆರಗಿನ ಅಂಚಿಗೆ ಕೈ ಹಾಕಿದಳು.

“ಇದೇನಕ್ಕ ಇದು?” ಎಂದಳು ಪುಷ್ಪಾ, ದೊಡ್ಡ ದನಿಯಲ್ಲಿ.

ಆದರೆ ಪುಷ್ಪಾ ನೋಡುತ್ತಿದ್ದುದು ಬಾಗಿಲ ಕಡೆಗಲ್ಲ. ಎಲ್ಲರೂ ತಿರುಗಿದರು. ಕುರ್ಚಿಯಲ್ಲಿ ಕುಳಿತಿದ್ದ ಗುರುಶಾಂತಮ್ಮನ, ಆಗಿನವರೆಗೆ ನೆಟ್ಟಗಿದ್ದ ತುರುಬು ಕತ್ತಿನ ಬುಡದಲ್ಲಿ ಎಡಕ್ಕೆ ವಾಲಿತ್ತು. ಅರ್ಧ ಕೂದಲು ಕಿವಿಯ ಮೇಲೆ. ಹಣೆಗೆ ವಿಭೂತಿ ಹಚ್ಚಿ, ನೆತ್ತಿಗೆ ಎಣ್ಣೆ ಒತ್ತಿ, ಒಂದು ಎಳೆಯೂ ಏಳದಂತೆ ಬಾಚಿ ಬಿಗಿಯಾಗಿ ಕಟ್ಟಿದ ಆ ತುರುಬನ್ನು ನಾನು ದಿನವೂ ನೋಡುತ್ತ ಬಂದವಳು. ಆಕೆ ದಿನಕ್ಕೊಂದು ಕೆಲಸ ಸರಿಯಾಗಿ ಮಾಡುವುದಿದ್ದರೆ ಅದೊಂದೇ.

“ಅಕ್ಕ, ತುರುಬು ಜಾರೋಗದೆ. ನಾಳೆ ಹಬ್ಬ ಇಟ್ಕೊಂಡು ಇದೇನಿದು ಅವತಾರ?”

ಗುರುಶಾಂತಮ್ಮ ತಲೆ ಮುಟ್ಟಿ ನೋಡಿಕೊಂಡಳು. ನಿಂತವರ ಭುಜಗಳ ಮೇಲಿಂದ ಬಾಗಿಲ ಕಡೆ ಒಂದು ಕಣ್ಣು ತೆರೆದಳು.

“ಅದು ಇವತ್ತಿನ ತಿಥಿ ಕಣೆ” ಎಂದಳು. “ಇನ್ನೂ ಮೇಲಕ್ಕೆ ಯಾರು ಕೈ ಎತ್ತಾರೆ, ಬುಡು. ಸುನಂದಾ, ಒಳೀಕ್ ಬಾ. ಬಿಚ್ಚೋಲೆ ಆ ಡಬ್ಬೀಲಿ ಅವೆ, ನೀನೇ ತಕ್ಕೊ.”